ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಮಧ್ಯಾಹ್ನದವರೆಗೆ: ಮಕ್ಕಳಿಗೆ ಒಣ ಬುತ್ತಿಯೋ, ಬಿಸಿ ಊಟವೋ?

ಕೂಡುದಾರಿ ಕೇಳಿದ್ದು:

ಶಾಲೆಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆ, ಅದರಲ್ಲಿ ದೂರಿಲ್ಲ. ತೊಂದರೆ ಇರುವುದು ಶಾಲೆಯ ಬಾಗಿಲು ಹಾಕಿದ ಮೇಲೆ. ಶುಕ್ರವಾರದ ಊಟಕ್ಕೂ ಸೋಮವಾರದ ಊಟಕ್ಕೂ ನಡುವೆ 72 ಗಂಟೆ. ಕೆಲವು ಮಕ್ಕಳಿಗೆ ಈ ಅವಧಿಯಲ್ಲಿ ಸರಿಯಾದ ಊಟ ಒಂದೋ ಎರಡೋ ಸಿಕ್ಕರೆ ಹೆಚ್ಚು.

12 ಜನ ಸ್ವಯಂಸೇವಕರು ಸಿದ್ಧರಿದ್ದಾರೆ. ಶಿಕ್ಷಕರ ಅಂದಾಜಿನಲ್ಲಿ 40 ಮಕ್ಕಳು, 6ರಿಂದ 14 ವರ್ಷದವರು. ಗುಂಪಿನಲ್ಲಿ ಅರ್ಧ ಜನ ದಿನಾ ಸಂಜೆ ಬಿಸಿ ಊಟ ಹಾಕೋಣ ಅನ್ನುತ್ತಾರೆ, ಉಳಿದವರು ಶುಕ್ರವಾರ ಮನೆಗೆ ಹೋಗುವಾಗ ಒಣ ತಿನಿಸಿನ ಚೀಲ ಕೊಡೋಣ ಅನ್ನುತ್ತಾರೆ. ಯಾವುದು ಸರಿ? ಚೀಲವಾದರೆ ಏನೇನು, ಎಷ್ಟೆಷ್ಟು? ಮಕ್ಕಳನ್ನು ಆರಿಸುವಾಗ ಯಾರಿಗೂ ಮುಜುಗರ ಆಗದ ಹಾಗೆ ಮಾಡುವುದು ಹೇಗೆ? "ಪ್ರೀತಿಯಿಂದ ಮಾಡಿ, ಎಲ್ಲ ಸರಿಹೋಗುತ್ತದೆ" ಅನ್ನುವ ಉತ್ತರ ಬೇಡ, ಅಂಥವು ಆಗಲೇ ಬೇಕಾದಷ್ಟು ಬಂದಿವೆ.

---

ತೂಕದಕಲ್ಲು ಉತ್ತರ:

ಮೊದಲು ಖಾಲಿ ಇರುವ ಹೊತ್ತು ಯಾವುದು ಅಂತ ಬರೆದುಕೊಳ್ಳಿ. ಶುಕ್ರವಾರ ರಾತ್ರಿ ಒಂದು, ಶನಿವಾರ ಮೂರು, ಭಾನುವಾರ ಮೂರು, ಸೋಮವಾರ ಬೆಳಿಗ್ಗೆ ಒಂದು. ಒಟ್ಟು ಎಂಟು ಹೊತ್ತು, 40 ಮಕ್ಕಳಿಗೆ ವಾರಕ್ಕೆ 320 ಊಟ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಬಿಸಿ ಊಟ ಹಾಕಿದರೆ ಇದರಲ್ಲಿ ತುಂಬುವುದು ಶುಕ್ರವಾರ ರಾತ್ರಿಯದು ಒಂದೇ. ನಿಮ್ಮ ಪ್ರಶ್ನೆ ವಾರಾಂತ್ಯದ್ದಾದರೆ ಉತ್ತರ ಚೀಲ. ವಾರದ ನಡುವೆ ರಾತ್ರಿ ಖಾಲಿ ಹೊಟ್ಟೆಯಲ್ಲಿ ಮಲಗುವುದೇ ದೊಡ್ಡ ತೊಂದರೆ ಅಂತ ಗೊತ್ತಾದರೆ ಮಾತ್ರ ಒಲೆ ಹಚ್ಚುವ ಯೋಚನೆ ಮಾಡಿ.

ಈ ಚೀಲದ ಪದ್ಧತಿ ಹೊಸದೇನಲ್ಲ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್‌ನಲ್ಲಿ 1990ರ ದಶಕದಲ್ಲಿ ಹೊಟ್ಟೆನೋವು, ತಲೆಸುತ್ತು ಅಂತ ಬರುತ್ತಿದ್ದ ಮಕ್ಕಳಿಗೆ ಆಗಿದ್ದದ್ದು ಹಸಿವು ಅಂತ ಶಾಲೆಯ ದಾದಿಯೊಬ್ಬರು ಗುರುತಿಸಿ ದಾನವಾಗಿ ಬಂದ ಆಹಾರ ಕೂಡಿಟ್ಟು ಹಂಚುವ ಅಲ್ಲಿನ ಆಹಾರ ಬ್ಯಾಂಕಿಗೆ ಹೇಳಿದ್ದರಿಂದ ಇದು ಶುರುವಾಯಿತು. ಅಲ್ಲಿಂದ ದೇಶದ ತುಂಬ ಹರಡಿತು.

ಈಗ ತೂಕ. 7–8 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,550ರಿಂದ 1,700 ಕಿಲೋಕ್ಯಾಲರಿ ಬೇಕು. ಎರಡು ದಿನಕ್ಕೆ ಹತ್ತಿರ ಹತ್ತಿರ 3,200. 14 ವರ್ಷದ ಹುಡುಗನಿಗೆ ದಿನಕ್ಕೇ 2,800ರ ಮೇಲೆ. ಅದಕ್ಕೇ 11 ವರ್ಷ ದಾಟಿದವರಿಗೆ ಒಂದೂವರೆ ಪಾಲು ಹಾಕಿ. ಎಲ್ಲರಿಗೂ ಒಂದೇ ಚೀಲ ಅಂದರೆ ಪ್ಯಾಕ್ ಮಾಡುವವರಿಗೆ ಸುಲಭ, ದೊಡ್ಡ ಮಕ್ಕಳಿಗೆ ಮೋಸ.

ಚಿಕ್ಕ ಮಗುವಿನ ಚೀಲದ ಒಂದು ಲೆಕ್ಕ ನೋಡಿ. ಹುರಿದ ಕಡಲೆಕಾಯಿ ಬೀಜ 150 ಗ್ರಾಂ, ಹುರಿದ ಕಡಲೆ 150 ಗ್ರಾಂ, ಓಟ್ಸ್ 250 ಗ್ರಾಂ, ಖರ್ಜೂರ 150 ಗ್ರಾಂ, ಕೆಡದಂತೆ ಸಂಸ್ಕರಿಸಿದ ಡಬ್ಬಿ ಹಾಲು 200 ಮಿಲಿಯದ್ದು ಎರಡು, ಬಾಳೆಹಣ್ಣು ಎರಡು. ಒಟ್ಟು ಸುಮಾರು 3,200 ಕಿಲೋಕ್ಯಾಲರಿ, 115 ಗ್ರಾಂ ಮೇಲೆ ಪ್ರೋಟೀನ್, ತೂಕ ಒಂದೂವರೆ ಕಿಲೋಗಿಂತ ಸ್ವಲ್ಪ ಕಡಿಮೆ. ಇದರಲ್ಲಿ ಯಾವುದಕ್ಕೂ ಒಲೆ ಬೇಡ. ಓಟ್ಸ್ ಹಾಲಿನಲ್ಲೋ ಶುದ್ಧ ನೀರಿನಲ್ಲೋ ಅರ್ಧ ಗಂಟೆ ನೆನೆಹಾಕಿದರೆ ತಿನ್ನಬಹುದು. ಒಲೆ ಬೇಡದಿರುವುದು ಬಹಳ ಮುಖ್ಯ. ಮನೆಯಲ್ಲಿ ಧಾನ್ಯ ಇದ್ದೂ ಉರುವಲಿಲ್ಲದೆ ಮಗು ಉಪವಾಸ ಇರುವುದುಂಟು. ದೊಡ್ಡವರು ಕೆಲಸಕ್ಕೆ ಹೋದ ಮನೆಯಲ್ಲಿ ಏಳು ವರ್ಷದ ಮಗು ಒಲೆ ಹಚ್ಚುವುದಂತೂ ಬೇಡವೇ ಬೇಡ.

ಇದೇ ಶಕ್ತಿಯನ್ನು ಡಬ್ಬಿಯಲ್ಲಿ ಬೇಯಿಸಿಟ್ಟ ಕಾಳಿನಿಂದ ಕೊಡಲು ಹೊರಟರೆ ಚೀಲ ಮೂರು ಕಿಲೋ ದಾಟುತ್ತದೆ, ಯಾಕಂದರೆ ಆ ತೂಕದಲ್ಲಿ ಬಹುಪಾಲು ನೀರೇ. ಮಗುವಿನ ಬೆನ್ನ ಮೇಲಿನ ಭಾರ ಮೈತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು ಅನ್ನುವುದು ಸಾಮಾನ್ಯ ಅಳತೆ. 25 ಕಿಲೋ ಮಗುವಿಗೆ ಎರಡೂವರೆ ಕಿಲೋ, ಅದೂ ಪುಸ್ತಕ ಸೇರಿ. ಶುಕ್ರವಾರ ಪುಸ್ತಕ ಕಡಿಮೆ ತರುವಂತೆ ಶಾಲೆಯವರನ್ನೇ ಕೇಳಿಕೊಳ್ಳಿ, ಸಾಮಾನ್ಯವಾಗಿ ಒಪ್ಪುತ್ತಾರೆ.

ಕಡಲೆಕಾಯಿ ವಿಷಯದಲ್ಲಿ ಮೂರು ಎಚ್ಚರಿಕೆ. ಒಂದು, ಅಲರ್ಜಿ. ಇದ್ದವರಿಗೆ ಅದರ ಬದಲು ಸೂರ್ಯಕಾಂತಿ ಅಥವಾ ಕುಂಬಳ ಬೀಜ ಹಾಕಿ. ಆ ಚೀಲಗಳನ್ನು ಕಡಲೆಕಾಯಿ ಮೂಟೆ ಬಿಚ್ಚುವುದಕ್ಕೆ ಮುಂಚೆಯೇ, ಬೇರೆ ಮೇಜಿನ ಮೇಲೆ ಕಟ್ಟಿ ಬಾಯಿ ಮುಚ್ಚಿಡಿ. ಆಮೇಲೆ ಕಟ್ಟಿದರೆ ಕೈಯ ಪುಡಿಯೇ ಸಾಕು. ಎರಡು, ಮನೆಯಲ್ಲಿ ಐದು ವರ್ಷದೊಳಗಿನ ತಮ್ಮ ತಂಗಿಯರಿದ್ದರೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಂಥ ಮನೆಗೆ ಪುಡಿ ಮಾಡಿ ಕೊಡಿ, ಹುರಿದ ಕಡಲೆಗೂ ಇದೇ ಮಾತು. ಮೂರು, ಮುರುಟಿದ, ಬಣ್ಣ ಬದಲಾದ, ಬೂಸ್ಟು ಹಿಡಿದ ಬೀಜವನ್ನು ಹುರಿದು ಸರಿಮಾಡುತ್ತೇವೆ ಅನ್ನಬೇಡಿ. ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಕಟ್ಟುವ ದಿನ ಗುರುವಾರ ಸಂಜೆ ಇರಲಿ. ಮೇಜುಗಳನ್ನು ಸಾಲಾಗಿ ಇಟ್ಟು ಒಬ್ಬೊಬ್ಬರು ಒಂದೊಂದು ಪದಾರ್ಥ ಹಾಕುತ್ತಾ ಚೀಲವನ್ನು ಮುಂದೆ ತಳ್ಳಲಿ. ಸಾಲಿನ ಕೊನೆಯಲ್ಲಿ ಅಡುಗೆಮನೆ ತಕ್ಕಡಿ ಇಡಿ. ಬಾಳೆಹಣ್ಣು ಬಿಟ್ಟು ಉಳಿದದ್ದರ ತೂಕ ಒಂದೇ ಅಳತೆಯ ಪ್ರತಿ ಚೀಲಕ್ಕೂ ಒಂದೇ ಬರಬೇಕು, 30 ಗ್ರಾಂ ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ. ಅತಿ ಚಿಕ್ಕ ಪೊಟ್ಟಣವೇ 150 ಗ್ರಾಂ ಆದ್ದರಿಂದ ಏನಾದರೂ ಬಿಟ್ಟುಹೋಗಿದ್ದರೆ ತಕ್ಕಡಿ ತಕ್ಷಣ ಹೇಳುತ್ತದೆ. ಕಣ್ಣಲ್ಲಿ ನೋಡಿ ಎಣಿಸುವುದನ್ನು ನಂಬಬೇಡಿ, ಮೂವತ್ತನೇ ಚೀಲದ ಹೊತ್ತಿಗೆ ಎಲ್ಲರೂ ಮಾತಿಗೆ ಕೂತಿರುತ್ತಾರೆ. ಬಾಳೆಹಣ್ಣು ಶುಕ್ರವಾರ ಕೊಡುವ ಹೊತ್ತಿಗೆ ಮೇಲಿಂದ ಇಡಿ, ಇಲ್ಲವಾದರೆ ಪುಸ್ತಕದ ಕೆಳಗೆ ಸಿಕ್ಕು ರಾಡಿಯಾಗುತ್ತದೆ. ಹಾಲಿನ ಡಬ್ಬಿಗಳಿಗೆ ಬೇರೆ ಸಣ್ಣ ಕವರ್.

ಇನ್ನೊಂದು. ದಾನಿಗಳು ಸೋಪು, ಹಲ್ಲುಜ್ಜುವ ಪೇಸ್ಟನ್ನೂ ಇದರಲ್ಲೇ ಹಾಕಿ ಅನ್ನುತ್ತಾರೆ. ಹಾಕಬೇಡಿ. ರಾತ್ರಿ ಕಳೆಯುವುದರೊಳಗೆ ಓಟ್ಸ್ ಪೂರ್ತಿ ಸೋಪಿನ ವಾಸನೆ ಹೊಡೆಯುತ್ತದೆ, ಮಕ್ಕಳು ಬಾಯಿಗಿಡುವುದಿಲ್ಲ. ಕೊಡಲೇಬೇಕೆಂದರೆ ಬೇರೆ ದಿನ ಬೇರೆ ಚೀಲದಲ್ಲಿ ಕೊಡಿ.

---

ದೊಡ್ಡಪಾತ್ರೆ ಉತ್ತರ:

ಚೀಲದ ಲೆಕ್ಕ ಒಪ್ಪುತ್ತೇನೆ. ಆದರೆ ಬಿಸಿ ಊಟವನ್ನು ಇಷ್ಟು ಸುಲಭಕ್ಕೆ ತಳ್ಳಿಹಾಕುವುದು ಸರಿಯಲ್ಲ. ಚೀಲ ಮನೆಗೆ ಹೋದ ಮೇಲೆ ಐದು ಜನಕ್ಕೆ ಹಂಚಿಹೋಗುತ್ತದೆ. ತಟ್ಟೆಯಲ್ಲಿ ಬಡಿಸಿದ್ದು ಆ ಮಗುವಿನ ಹೊಟ್ಟೆಗೇ ಹೋಗುತ್ತದೆ. ವಾರಾಂತ್ಯಕ್ಕೆ ಚೀಲ, ವಾರದಲ್ಲಿ ಎರಡು ಸಂಜೆ ಊಟ ಅನ್ನುವುದು 12 ಜನಕ್ಕೆ ಮಾಡಬಹುದಾದ ಕೆಲಸ. ಐದು ಸಂಜೆ ಅಂತ ಹೊರಟರೆ ಎರಡನೇ ತಿಂಗಳಿಗೆ ಪಾತ್ರೆ ತೊಳೆಯಲು ಇಬ್ಬರು ಉಳಿದಿರುತ್ತಾರೆ.

40 ಮಕ್ಕಳ ಒಂದು ಸಂಜೆಗೆ ಹಸಿ ಅಳತೆ ಹೀಗೆ: ಅಕ್ಕಿ 3.2 ಕಿಲೋ, ಬೇಳೆ ಅಥವಾ ಕಾಳು 1.2 ಕಿಲೋ, ತರಕಾರಿ 3 ಕಿಲೋ, ಎಣ್ಣೆ 300 ಗ್ರಾಂ. ತಲೆಗೆ 450–480 ಕಿಲೋಕ್ಯಾಲರಿ ಬೀಳುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದೊಂದು ಮೊಟ್ಟೆ ಸೇರಿಸಿದರೆ ಆರು ಗ್ರಾಂ ಒಳ್ಳೆಯ ಪ್ರೋಟೀನ್ ಹೆಚ್ಚುತ್ತದೆ. ಅಕ್ಕಿಯ ತೂಕ ಬೆಂದ ಮೇಲೆ ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ, ಪಾತ್ರೆ ಅದಕ್ಕೆ ತಕ್ಕಂತೆ ಆರಿಸಿ.

ಎಡವಟ್ಟಾಗುವುದು ಅಡುಗೆಯಲ್ಲಲ್ಲ, ಕಾಯಿಸಿಡುವುದರಲ್ಲಿ. ಬೆಂದ ಅನ್ನ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬಹಳ ಹೊತ್ತು ಕೂತರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅದು ಬಿಡುವ ವಾಂತಿ ತರಿಸುವ ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ "ಮಿಕ್ಕದ್ದನ್ನು ಬೆಳಿಗ್ಗೆ ಬಿಸಿ ಮಾಡಿ ಕೊಡೋಣ" ಅನ್ನುವ ಮಾತೇ ಬೇಡ. ದಪ್ಪ ಸಾರು, ಕಾಳಿನ ಪಲ್ಯದಂಥವು ಆಳವಾದ ಪಾತ್ರೆಯಲ್ಲಿದ್ದರೆ ಮೇಲೆ ತಣ್ಣಗಾದಂತೆ ಕಂಡರೂ ನಡುವೆ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತವೆ. ಕೈಯಿಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ತನ್ನಿ. ಬಡಿಸುವವರೆಗೂ ಪಾತ್ರೆಯ ನಡುಭಾಗ 60 ಡಿಗ್ರಿ ಮೇಲಿರಬೇಕು. ಅದಕ್ಕಿಂತ ಕೆಳಗಿಳಿದು ಎರಡು ಗಂಟೆ ಆಗಿದ್ದರೆ ಚೆಲ್ಲಿ. ಸುತ್ತಲಿನ ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಬಡಿಸುವುದಕ್ಕೆ ಅರ್ಧ ಗಂಟೆ ಮೊದಲು ದೊಡ್ಡವರಿಬ್ಬರು ಉಂಡು ನೋಡಲಿ. ಪ್ರತಿ ಪದಾರ್ಥದ 100 ಗ್ರಾಂ ಸ್ವಚ್ಛ ಡಬ್ಬಿಯಲ್ಲಿ ಹಾಕಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿ ಮೂರು ದಿನ ಇಡಿ. ಮಗುವಿಗೆ ಹೊಟ್ಟೆ ಕೆಟ್ಟಿತು ಅಂತ ದೂರು ಬಂದಾಗ ಕೈಯಲ್ಲಿ ಇರುವುದು ಆ ಡಬ್ಬಿ ಮಾತ್ರ. ವಾಂತಿ ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು. ಇದನ್ನು ಹೇಳಿದರೆ ಜನ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಹೇಳಿ.

ಕೈ ತೊಳೆಯುವ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಒಂದು ನಲ್ಲಿ, 40 ಮಕ್ಕಳು, ಒಬ್ಬೊಬ್ಬರಿಗೆ ಅರ್ಧ ನಿಮಿಷ ಅಂದರೆ 20 ನಿಮಿಷ. ಹಸಿದ ಮಕ್ಕಳು ಅಷ್ಟು ಹೊತ್ತು ಸಾಲಿನಲ್ಲಿ ನಿಲ್ಲುವುದಿಲ್ಲ, ತೊಳೆಯದೆ ನುಗ್ಗುತ್ತಾರೆ. ನಲ್ಲಿಯಿರುವ ಡ್ರಮ್ ನಾಲ್ಕು ಇಡಿ, ಐದು ನಿಮಿಷಕ್ಕೆ ಮುಗಿಯುತ್ತದೆ.

ಎಷ್ಟು ಮಂದಿಗೆ ಬೇಯಿಸುವುದು? ಹೆಸರು ಕೊಟ್ಟವರು 40 ಆದರೂ ಬರುವವರು ದಿನದಿನಕ್ಕೆ ಬೇರೆ. ಹಿಂದಿನ ಮೂರು ವಾರದ ಅದೇ ವಾರದ ದಿನದ ಸರಾಸರಿ ತೆಗೆದು ಹತ್ತು ಶೇಕಡಾ ಸೇರಿಸಿ. ಮಂಗಳವಾರಕ್ಕೆ ಮಂಗಳವಾರದ ಸರಾಸರಿ, ಇಡೀ ವಾರದ್ದಲ್ಲ.

---

ಹಾಜರಿಪುಸ್ತಕ ಉತ್ತರ:

ಆಯ್ಕೆಯ ಬಗ್ಗೆ ಕೇಳಿದ್ದೀರಿ, ಅದಕ್ಕೆ ಬರುತ್ತೇನೆ. "ಶಿಕ್ಷಕರ ಅಂದಾಜು 40" ಅನ್ನುವುದು ಆರಂಭಕ್ಕೆ ಸಾಕು, ಆದರೆ ಅಂದಾಜು ಸಾಮಾನ್ಯವಾಗಿ ಬಟ್ಟೆ ನೋಡಿ ಆಗಿರುತ್ತದೆ. ನೋಡಬೇಕಾದದ್ದು ಬೇರೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅಥವಾ ತಲೆನೋವು ಅಂತ ಬರುವವರು. ಸೋಮವಾರ ಊಟದ ಸಾಲಿನಲ್ಲಿ ಮೊದಲು ನಿಂತು ಅಗಿಯದೆ ನುಂಗುವವರು. ಶುಕ್ರವಾರ ಎರಡನೇ ಸಲ ಬಡಿಸಿಕೊಂಡು ಅರ್ಧ ಜೇಬಿಗೆ ಹಾಕಿಕೊಳ್ಳುವವರು. ಬೇರೆಯವರು ಬಿಟ್ಟ ತಟ್ಟೆಯ ಕಡೆ ಕಣ್ಣಿಟ್ಟವರು. ರಜೆ ಹತ್ತಿರ ಬಂದಂತೆ ಸಿಡುಕುವವರು. ಒಂದು ಲಕ್ಷಣ ಒಂದು ಸಲ ಕಂಡರೆ ಏನೂ ಅಲ್ಲ, ಮೂರು ವಾರ ಮರುಕಳಿಸಿದರೆ ಬರೆದುಕೊಳ್ಳಿ.

ಆಮೇಲೆ ಪೋಷಕರ ಹತ್ತಿರ ಎರಡೇ ಪ್ರಶ್ನೆ. ಕಳೆದ 12 ತಿಂಗಳಲ್ಲಿ, ದುಡ್ಡು ಬರುವುದರೊಳಗೆ ಆಹಾರ ಮುಗಿದುಹೋದೀತು ಅಂತ ಚಿಂತೆ ಆಗಿತ್ತೇ? ತಂದದ್ದು ಸಾಲದೆ, ಮತ್ತೆ ತರಲು ದುಡ್ಡಿಲ್ಲದೆ ಇದ್ದದ್ದುಂಟೇ? ಎರಡರಲ್ಲಿ ಒಂದಕ್ಕೆ "ಆಗಾಗ" ಅಥವಾ "ಕೆಲವೊಮ್ಮೆ" ಅಂದರೂ ಸೇರಿಸಿ. 2010ರಲ್ಲಿ ಪ್ರಕಟವಾದ ಈ ಎರಡು ಪ್ರಶ್ನೆಯ ಪರೀಕ್ಷೆಯನ್ನು ಅಮೆರಿಕದ ಮಕ್ಕಳ ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ಪ್ರಶ್ನೆ ಪೋಷಕರಿಗೆ ಮಾತ್ರ, ಮಗುವಿಗೆ ಬೇಡ. ಮಕ್ಕಳು ಅಪ್ಪ ಅಮ್ಮನ ಮಾನ ಕಾಯಲು "ನಮ್ಮನೇಲಿ ಎಲ್ಲ ಇದೆ" ಅನ್ನುತ್ತಾರೆ. ಆದಾಯ ಪ್ರಮಾಣಪತ್ರ ಕೇಳಬೇಡಿ. ಕೇಳಿದ ದಿನವೇ ಅತಿ ಬಡವರು ಪಟ್ಟಿಯಿಂದ ಹೊರಬೀಳುತ್ತಾರೆ, ಯಾಕಂದರೆ ಕಾಗದ ಪತ್ರ ಇಲ್ಲದಿರುವುದೂ ಅವರೇ.

ಒಂದು ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಟ್ಟಿಗೆ ಬಂದರೆ ಆರಿಸುವುದನ್ನೇ ಬಿಟ್ಟು ಇಡೀ ತರಗತಿಗೆ ಕೊಡಿ. ಹೆಚ್ಚುವರಿ ಖರ್ಚು ಇದೆ ನಿಜ, ಆದರೆ ಗುರುತು ಹಚ್ಚುವ ಕೆಲಸವೂ ಮುಜುಗರವೂ ಒಟ್ಟಿಗೇ ತಪ್ಪುತ್ತವೆ.

ಆರಿಸಿ ಕೊಡುವುದಾದರೆ ಚೀಲದ ಮೇಲೆ ಲಾಂಛನ, ಸಂಘದ ಹೆಸರು, ಎದ್ದುಕಾಣುವ ಬಣ್ಣ ಏನೂ ಬೇಡ. ಎಲ್ಲ ಚೀಲಗಳೂ ಒಂದೇ ಬಣ್ಣದವಾದರೆ ಎರಡನೇ ಶುಕ್ರವಾರಕ್ಕೆ ಇಡೀ ಶಾಲೆಗೆ ಗೊತ್ತು. ತರಗತಿಯವರೆಲ್ಲ ಆಟದ ಮೈದಾನದಲ್ಲಿದ್ದಾಗ ಪೊಟ್ಟಣವನ್ನು ಮಗುವಿನ ಸ್ವಂತ ಬ್ಯಾಗಿನೊಳಗೇ ಇಟ್ಟುಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಪೋಷಕರ ಒಪ್ಪಿಗೆ ಮೊದಲೇ ಇರಬೇಕು, ಇಲ್ಲವಾದರೆ "ಇದನ್ನು ಎಲ್ಲಿಂದ ಕದ್ದೆ" ಅಂತ ಮಗುವಿಗೆ ಏಟು ಬಿದ್ದೀತು. ಕಟ್ಟುವವರ ಕೈಗೆ ಹೆಸರಿನ ಪಟ್ಟಿ ಕೊಡಬೇಡಿ, ಸಂಖ್ಯೆ ಸಾಕು: "17, ದೊಡ್ಡ ಚೀಲ, ಕಡಲೆಕಾಯಿ ಬೇಡ". ಸಂಖ್ಯೆಗೆ ಹೆಸರು ಜೋಡಿಸಿದ ಹಾಳೆ ಶಾಲೆಯ ಒಬ್ಬರ ಹತ್ತಿರ ಬೀಗದೊಳಗೆ ಇರಲಿ.

ಫೋಟೋ ಬೇಡ. ಚೀಲ ಹಿಡಿದ ಮಗುವಿನ ಪಕ್ಕ ದಾನಿ ನಿಂತು ನಗುವ ಚಿತ್ರ ವಾಟ್ಸಾಪ್‌ನಲ್ಲಿ ಓಡಾಡಿದ ಮೇಲೆ ಆ ಮಗು ಇನ್ನೊಂದು ಚೀಲ ಮುಟ್ಟುವುದಿಲ್ಲ. ದಾನಿಗೆ ತಕ್ಕಡಿ ಮೇಲಿನ ಚೀಲದ ಚಿತ್ರ ಕಳಿಸಿ.

---

ಕೂಡುದಾರಿ:

ಎಲ್ಲರಿಗೂ ಧನ್ಯವಾದ. ವಾರಾಂತ್ಯಕ್ಕೆ ಚೀಲ ಅಂತ ತೀರ್ಮಾನ ಆಯಿತು, ಸಂಜೆ ಊಟದ ಮಾತು ಆಮೇಲೆ. ಇನ್ನು ಮೂರು ಪ್ರಶ್ನೆ. ಡಬ್ಬಿ ಹಾಲಿನ ಬದಲು ಹಾಲಿನ ಪುಡಿ ಹಾಕಬಹುದೇ, ಭಾರ ಕಡಿಮೆ ಆಗುತ್ತದಲ್ಲ? 13–14 ವರ್ಷದವರು ಚೀಲ ಬೇಡ ಅನ್ನುತ್ತಿದ್ದಾರಂತೆ, ಏನು ಮಾಡುವುದು? ವರ್ಷದ ಕೊನೆಯ ದೊಡ್ಡ ರಜೆಗೆ ಇದೇ ಚೀಲ ಸಾಕೇ?

---

ತೂಕದಕಲ್ಲು ಉತ್ತರ:

ಹಾಲಿನ ಪುಡಿ ಬೇಡ. 25 ಗ್ರಾಂ ಪುಡಿಗೆ 200 ಮಿಲಿ ನೀರು ಅನ್ನುವ ಲೆಕ್ಕ ಸುಲಭವೇ, ಆದರೆ ಆ ನೀರು ಎಂಥದ್ದು ಅಂತ ನಮಗೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಮನೆಯಲ್ಲಿ ಕೂಸಿದ್ದರೆ ಪುಡಿಯನ್ನು ಕಲಸಿ ಅದಕ್ಕೆ ಕುಡಿಸುತ್ತಾರೆ, ಎದೆಹಾಲು ಕಡಿಮೆಯಾಗುತ್ತದೆ, ಕೂಸಿಗೆ ಭೇದಿ ಹಿಡಿಯುತ್ತದೆ. ಹಾಲಿನ ಪುಡಿಯನ್ನು ಬಿಡಿಯಾಗಿ ಹಂಚಬಾರದು ಅಂತ ಪರಿಹಾರ ಕಾರ್ಯಗಳಲ್ಲೂ ಎಚ್ಚರಿಸುವುದು ಇದಕ್ಕೇ. ಭಾರ ಕಡಿಮೆ ಮಾಡಲೇಬೇಕಾದರೆ ಹಾಲು ಒಂದೇ ಡಬ್ಬಿ ಮಾಡಿ, ಕಡಲೆಕಾಯಿ 25 ಗ್ರಾಂ ಹೆಚ್ಚಿಸಿ.

ದೊಡ್ಡ ಮಕ್ಕಳಿಗೆ ಚೀಲ ಕಟ್ಟುವುದನ್ನೇ ಬಿಡಿ. ಶಾಲೆಯ ಒಂದು ಮೂಲೆಯಲ್ಲಿ ಬಾಗಿಲಿರುವ ಕಪಾಟು ಇಟ್ಟು, ಯಾರು ಬೇಕಾದರೂ ಬೇಕಾದ್ದು ತೆಗೆದುಕೊಳ್ಳಬಹುದು ಅನ್ನಿ. ಅದರಲ್ಲಿ ಪೆನ್ನು, ಪುಸ್ತಕ, ಮುಟ್ಟಿನ ಪ್ಯಾಡ್ ಕೂಡ ಇರಲಿ, ಆಗ ಕಪಾಟಿನ ಮುಂದೆ ನಿಂತವರು ಯಾತಕ್ಕೆ ಬಂದರು ಅಂತ ಗೊತ್ತಾಗುವುದಿಲ್ಲ. ಕದಿಯುತ್ತಾರೆ ಅನ್ನುವ ಭಯ ಮೊದಲ ತಿಂಗಳು ನಿಮ್ಮ ಗುಂಪಿನಲ್ಲೇ ಏಳುತ್ತದೆ. ಕೇಳದೆ ತೆಗೆದುಕೊಳ್ಳಲಿ ಅಂತಲೇ ಇಟ್ಟದ್ದನ್ನು ತೆಗೆದುಕೊಂಡರೆ ಅದು ಕಳ್ಳತನ ಹೇಗಾದೀತು?

---

ರಜೆಪಟ್ಟಿ ಉತ್ತರ:

ದೊಡ್ಡ ರಜೆಗೆ ಆ ಚೀಲ ಸಾಲದು. ಎರಡು ದಿನಕ್ಕೆ ಒಂದೂವರೆ ಕಿಲೋ ಅಂದರೆ ಐದು ವಾರಕ್ಕೆ 25 ಕಿಲೋ ಮೇಲೆ, ಅದು ಮಗು ಹೊರುವ ವಸ್ತುವಲ್ಲ. ಜೊತೆಗೆ ಶಾಲೆಯೇ ಮುಚ್ಚಿರುವುದರಿಂದ ಕೊಡುವ ಜಾಗವೂ ಇಲ್ಲ. ಎರಡು ದಾರಿ ಇವೆ. ಒಂದು, ಮನೆಮಂದಿಗೆಲ್ಲ ಆಗುವಷ್ಟು ದಿನಸಿಯನ್ನು 15 ದಿನಕ್ಕೊಮ್ಮೆ ದೊಡ್ಡವರ ಕೈಗೆ ಕೊಡುವುದು. ತಿಂಗಳದ್ದು ಒಟ್ಟಿಗೆ ಕೊಟ್ಟರೆ ಇಡಲು ಜಾಗವಿಲ್ಲದ ಮನೆಯಲ್ಲಿ ಹುಳ, ಇಲಿ. ಇನ್ನೊಂದು, ಮಕ್ಕಳು ನಡೆದು ಬರುವ ದೂರದಲ್ಲಿ ಆಟ, ಓದು, ಚಿತ್ರ ಬಿಡಿಸುವ ಕೂಟ ನಡೆಸಿ ಅದರ ನಡುವೆ ಊಟ ಹಾಕುವುದು. ಬಂದದ್ದು ಆಟಕ್ಕೆ, ಊಟ ಹಾಗೇ ಸಿಕ್ಕಿತು ಅನ್ನುವಂತಿರಬೇಕು.

ಸರ್ಕಾರಗಳೂ ಈ ಎರಡರ ಸುತ್ತಲೇ ಸುತ್ತಿವೆ. ಇಂಗ್ಲೆಂಡಿನ ರಜಾ ಚಟುವಟಿಕೆ ಮತ್ತು ಆಹಾರ ಯೋಜನೆ 2018ರಲ್ಲಿ ಪ್ರಯೋಗವಾಗಿ ಶುರುವಾಗಿ 2021ರಲ್ಲಿ ಎಲ್ಲ ಸ್ಥಳೀಯ ಆಡಳಿತಗಳಿಗೂ ವಿಸ್ತರಿಸಿತು. ಅದರ ಅಳತೆ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ನಾಲ್ಕು ದಿನ, ವರ್ಷಕ್ಕೆ ಆರು ವಾರ, ಪ್ರತಿ ದಿನ ಕನಿಷ್ಠ ಒಂದು ಊಟ. ಭಾರತದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಧ್ಯಾಹ್ನದ ಊಟ ಹಾಕಬೇಕೆಂದು ಆದೇಶ ಮಾಡಿತು. ಅಮೆರಿಕದ ಬೇಸಿಗೆ ಊಟ ಯೋಜನೆಯಲ್ಲಿ ಮಕ್ಕಳು ಕೇಂದ್ರದಲ್ಲೇ ಕೂತು ತಿನ್ನಬೇಕು ಅನ್ನುವ ನಿಯಮ ಬಹಳ ಕಾಲ ಇತ್ತು. ಬಸ್ಸಿಲ್ಲದ ಹಳ್ಳಿಗಾಡಿನ ಮಕ್ಕಳು ಕೇಂದ್ರ ಮುಟ್ಟುವುದೇ ಕಷ್ಟವಾಗಿ, ಕೊನೆಗೆ 2023ರಿಂದ ಅಂಥ ಕಡೆ ಕಟ್ಟಿಕೊಂಡು ಹೋಗಲು ಬಿಟ್ಟರು. ನಿಮಗೂ ಮೊದಲು ಕಾಡುವುದು ದೂರವೇ. ಕೂಟದ ಜಾಗ ಗೊತ್ತುಮಾಡುವ ಮುಂಚೆ ಅತಿ ಚಿಕ್ಕ ಮಗುವಿನ ಮನೆಯಿಂದ ಅಲ್ಲಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ ನಡೆದು ನೋಡಿ. 20 ನಿಮಿಷ ದಾಟಿದರೆ ಜಾಗ ಬದಲಿಸಿ.

ಕೂಟದಲ್ಲಿ ಯಾವಾಗಲೂ ದೊಡ್ಡವರು ಇಬ್ಬರಿರಬೇಕು, ಒಬ್ಬರೇ ಮಕ್ಕಳ ಜೊತೆ ಇರಕೂಡದು. ಮನೆಗೆ ಕರೆದುಕೊಂಡು ಹೋಗುವವರು ಯಾರು ಅಂತ ಮೊದಲೇ ಬರೆಸಿಕೊಳ್ಳಿ.

ಇನ್ನು ಸಂಖ್ಯೆ. 40 ಮಕ್ಕಳು, ಶಾಲೆ ನಡೆಯುವ ವಾರ 36 ಅಂದುಕೊಂಡರೆ 1,440 ಚೀಲ. ಕೈಯಲ್ಲಿರುವುದು 900 ಚೀಲಕ್ಕೆ ಆಗುವಷ್ಟಾದರೆ 25 ಮಕ್ಕಳಿಂದ ಶುರು ಮಾಡಿ, ಹಸಿವು ಹೆಚ್ಚಿರುವವರಿಗೆ ಮೊದಲು. 40 ಜನಕ್ಕೆ ಶುರು ಮಾಡಿ 23ನೇ ವಾರ ನಿಲ್ಲಿಸುವುದು ಶುರು ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಚೀಲ ಬರುತ್ತದೆ ಅಂತ ಮನೆಯವರು ಶನಿವಾರದ ಖರ್ಚನ್ನು ಆಗಲೇ ಬೇರೆ ಕಡೆ ತಿರುಗಿಸಿರುತ್ತಾರೆ. ಎರಡು ವಾರದ ದಾಸ್ತಾನು ಯಾವಾಗಲೂ ಮುಂದಾಗಿ ಇರಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಗೋಡೆಗೆ ತಾಗದ ಹಾಗೆ. ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೊರಗೆ ಹೋಗಬೇಕು.

ಫಲ ನೋಡಲು ಮಕ್ಕಳ ತೂಕ ಅಳೆಯಲು ಹೋಗಬೇಡಿ. 40 ಮಕ್ಕಳ ಮೂರು ತಿಂಗಳ ತೂಕದಿಂದ ಏನೂ ಹೇಳಲಾಗದು, ಮಕ್ಕಳು ಹೇಗೂ ಬೆಳೆಯುತ್ತಾರೆ. ಅದರ ಬದಲು ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅಂತ ಬಂದವರೆಷ್ಟು ಅಂತ ಶಾಲೆಯವರು ಬರೆದಿಡಲಿ. ಚೀಲದಲ್ಲಿ ತಿನ್ನದೆ ಉಳಿದದ್ದು ಯಾವುದು ಅಂತ ತಿಂಗಳಿಗೊಮ್ಮೆ ಕೇಳಿ. ಖರ್ಜೂರ ಬೇಡ ಅಂದರೆ ಒಣದ್ರಾಕ್ಷಿ ಹಾಕಿ ನೋಡಿ.